ಮೂತ್ರಸಾಕ್ಷಿ

ನೌಕರನೊಬ್ಬ ಯೋಗ್ಯನೋ ಅಲ್ಲವೋ ಎಂಬುದನ್ನು ಅವನ ಕೆಲಸ ನೋಡಿ ತೀರ್ಮಾನಿಸುವ ತೊಡಕಿನ ಪದ್ಧತಿಯನ್ನು ಕೈಬಿಟ್ಟು, ಮಾದಕವಸ್ತು ಸೇವಿಸಿದ್ದಾನೆಯೇ ಎಂದು ಅವನ ಮೂತ್ರವನ್ನೇ ವಿಚಾರಿಸುವ ಸುಲಭೋಪಾಯಕ್ಕೆ ಅಮೆರಿಕದಲ್ಲಿ ಸರ್ಕಾರಿ ಮುದ್ರೆ ಬಿದ್ದದ್ದು 1986ರಲ್ಲಿ, ಅಧ್ಯಕ್ಷ ರೊನಾಲ್ಡ್ ರೇಗನ್ ಅವರ ಆದೇಶದಿಂದ. ಅಲ್ಲಿನ ಸರ್ಕಾರಿ ನಿಯಮಗಳಲ್ಲಿ ಈ ವಿಚಾರಣೆಯ ಮಡಿ ದೊಡ್ಡದು. ಯಾರೂ ನೀರು ಬೆರೆಸದಂತೆ ಶೌಚದ ತೊಟ್ಟಿಗೆ ನೀಲಿ ಬಣ್ಣ ಹಾಕಿರುತ್ತಾರೆ. ಕೊಡಬೇಕಾದದ್ದು 45 ಮಿಲಿಲೀಟರ್. ಕೊಟ್ಟ 4 ನಿಮಿಷದೊಳಗೆ ಅದರ ಬಿಸಿ 32ರಿಂದ 38 ಡಿಗ್ರಿ ಸೆಲ್ಸಿಯಸ್ ಇದೆಯೇ ಎಂದು ನೋಡುತ್ತಾರೆ. ಸಂಕೋಚದಿಂದ ಬಾರದಿದ್ದರೆ ಸುಮಾರು 1.2 ಲೀಟರಿನವರೆಗೆ ನೀರು ಕುಡಿದು 3 ಗಂಟೆ ಕಾಯುವ ಅವಕಾಶವೂ ಉಂಟು. ಅದೇ ನೌಕರ ಸಹಿ ಹಾಕುವ ಕಡತಗಳನ್ನು ಯಾರಾದರೂ ಇಷ್ಟು ಶ್ರದ್ಧೆಯಿಂದ ನೋಡಿದ್ದನ್ನು ನಾನಂತೂ ಕೇಳಿಲ್ಲ.

ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ನುಂಗಿದವನ ಪಾಡು ಇಲ್ಲಿ ವಿಶೇಷ. ನೋವಿಗೆಂದು ಕೊಡೀನ್ ತೆಗೆದುಕೊಂಡರೆ ಅದರ ಒಂದಂಶ ದೇಹದೊಳಗೆ ಅಫೀಮಿನ ಅಂಶವಾದ ಮಾರ್ಫಿನ್ ಆಗುತ್ತದೆ, ಮೂತ್ರದ ಬಾಟಲಿ ಕೂಡಲೇ ಚಾಡಿ ಹೇಳುತ್ತದೆ. ಅಫೀಮಿನ ಗಿಡದ್ದೇ ಬೀಜವಾದ ಗಸಗಸೆ ತಿಂದವರ ಮೇಲೂ ಇದೇ ಆರೋಪ ಬರುತ್ತಿದ್ದುದರಿಂದ, ಮಿಲಿಲೀಟರಿಗೆ 300 ನ್ಯಾನೊಗ್ರಾಂ ಇದ್ದ ಮಾರ್ಫಿನ್ ಮಿತಿಯನ್ನು 1998ರಲ್ಲಿ 2000ಕ್ಕೆ ಏರಿಸಿದರು. ಅಂದರೆ ಅದೇ ಮೂತ್ರ ಹಿಂದಿನ ದಿನ ಅಪರಾಧಿ, ಮರುದಿನ ನಿರಪರಾಧಿ.

ನೌಕರನ ಕಾಯಿಲೆಯನ್ನು ಮಾಲೀಕ ಮನಬಂದಂತೆ ವಿಚಾರಿಸಬಾರದೆಂದು ಅಲ್ಲಿನ 1990ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುತ್ತದೆ. ಆದ್ದರಿಂದ ಸಭ್ಯರಾದ ಮಾಲೀಕರು ಕಾಯಿಲೆಯನ್ನು ಕೇಳುವುದೇ ಇಲ್ಲ, ಮೂತ್ರವನ್ನಷ್ಟೇ ಕೇಳುತ್ತಾರೆ. ಫಲಿತಾಂಶ ಪಾಸಿಟಿವ್ ಬಂದ ಬಳಿಕ, ತನಗೆ ಆತಂಕದ ಕಾಯಿಲೆಯಿದೆ, ಏಕಾಗ್ರತೆಯ ತೊಂದರೆಯಿದೆ, ಬೆನ್ನುನೋವಿದೆ ಎಂದು ಔಷಧಚೀಟಿಯ ಸಮೇತ ನಿವೇದಿಸಿಕೊಳ್ಳುವವನು ನೌಕರನೇ, ಅದೂ ಪೂರ್ಣ ಸ್ವಇಚ್ಛೆಯಿಂದ! ಸರ್ಕಾರಿ ವ್ಯವಸ್ಥೆಯಲ್ಲಿ ಈ ನಿವೇದನೆಯನ್ನು ಕೇಳಲು ವೈದ್ಯರೊಬ್ಬರಾದರೂ ಇರುತ್ತಾರೆ. ಎಲ್ಲ ಖಾಸಗಿ ಕಚೇರಿಗಳಲ್ಲೂ ಆ ಭಾಗ್ಯವಿಲ್ಲ.

ಇಷ್ಟಾದರೂ ಮಾತ್ರೆ ಎಂದೋ ಒಳಹೊಕ್ಕಿತ್ತೆಂಬುದನ್ನು ಹೇಳುವ ಮೂತ್ರ, ಈ ಹೊತ್ತು ಅವನ ಕೈ ನಡುಗುತ್ತಿದೆಯೇ ಎಂಬುದನ್ನು ಹೇಳುವುದಿಲ್ಲ. ಆತಂಕಕ್ಕೆ ಕೊಡುವ ಡಯಾಜೆಪಾಮ್ ಮಾತ್ರೆಯನ್ನು ದೀರ್ಘಕಾಲ ಸೇವಿಸಿ ಬಿಟ್ಟವನಲ್ಲಿ ಅದರ ಕುರುಹು ವಾರಗಟ್ಟಲೆ ಉಳಿಯಬಹುದು. ಎರಡು ರಾತ್ರಿ ನಿದ್ದೆಗೆಟ್ಟು ತೂಕಡಿಸುತ್ತ ಬಂದವನ ಬಾಟಲಿ ಮಾತ್ರ ಪರಮ ಪವಿತ್ರ. ಇದನ್ನು ಅರಿತ ಬೆನ್ನುನೋವಿನ ನೌಕರನೊಬ್ಬ ಪರೀಕ್ಷೆಗೆ ವಾರವಿರುವಾಗಲೇ ಮಾತ್ರೆ ಬಿಟ್ಟು, ಗೋಡೆ ಹಿಡಿದುಕೊಂಡು ಹೋಗಿ ಬಾಟಲಿ ಒಪ್ಪಿಸಿದನೆಂದುಕೊಳ್ಳಿ: ನೆಟ್ಟಗೆ ನಿಲ್ಲಲಾರದ ಅವನ ಕೈಗೆ, ಕೆಲಸಕ್ಕೆ ಸಂಪೂರ್ಣ ಅರ್ಹನೆಂಬ ಪತ್ರ ಬರುತ್ತದೆ.