ಟಾಲ್‌ಸ್ಟಾಯ್ ಹಾಕಿದ ಅಂಕಗಳು

ನಿಮ್ಮ ಮೇಲೆ ಪ್ರಭಾವ ಬೀರಿದ ಪುಸ್ತಕಗಳು ಯಾವುವು ಎಂದು ಪೀಟರ್ಸ್‌ಬರ್ಗಿನ ಪ್ರಕಾಶಕರೊಬ್ಬರು ಕೇಳಿದ್ದಕ್ಕೆ ಟಾಲ್‌ಸ್ಟಾಯ್ 1891ರಲ್ಲಿ ಒಂದು ಪಟ್ಟಿ ಬರೆದ. ಬಾಲ್ಯದಿಂದ ಅರವತ್ತರ ಆಚೆಯವರೆಗಿನ ಓದನ್ನು ವಯಸ್ಸಿಗೆ ತಕ್ಕಂತೆ ವಿಂಗಡಿಸಿ, ಒಂದೊಂದು ಕೃತಿಯ ಮುಂದೆಯೂ ಅದರ ಪರಿಣಾಮ ‘ದೊಡ್ಡದು’, ‘ಬಹಳ ದೊಡ್ಡದು’, ‘ಅಗಾಧ’ ಎಂದು ಮೇಷ್ಟರು ಅಂಕ ಹಾಕುವಂತೆ ಗುರುತು ಹಾಕಿದ. ಬೈಬಲ್ಲಿನ ಜೋಸೆಫನ ಕಥೆ, ರೂಸೋನ ಆತ್ಮಕಥನ, ಡಿಕನ್ಸ್‌ನ ‘ಡೇವಿಡ್ ಕಾಪರ್‌ಫೀಲ್ಡ್’, ಹ್ಯೂಗೋನ ‘ಲೆ ಮಿಸರಾಬ್ಲ್’ ಇವೆಲ್ಲ ‘ಅಗಾಧ’ದ ಸಾಲಿಗೆ ಸೇರಿವೆ. ನನಗೆ ಹೆಚ್ಚು ಇಷ್ಟವಾದದ್ದು ಮಾತ್ರ ಬೇರೆಯೇ ಒಂದು ನಮೂದು: ಇಂದು ಯಾರೂ ಅಷ್ಟಾಗಿ ಓದದ, ಆ ಕಾಲದ ಜನಪ್ರಿಯ ಇಂಗ್ಲಿಷ್ ಕಾದಂಬರಿಗಾರ್ತಿ ಶ್ರೀಮತಿ ಹೆನ್ರಿ ವುಡ್ ಅವರಿಗೂ ಶ್ರೇಷ್ಠ ಕಾದಂಬರಿಗಾರ್ತಿಯೆಂದು ಹೆಸರಾದ ಜಾರ್ಜ್ ಎಲಿಯಟ್‌ಗೂ ಆತ ಒಂದೇ ‘ದೊಡ್ಡದು’ ಎಂಬ ಅಂಕ ಕೊಟ್ಟಿದ್ದಾನೆ. ಮೆಚ್ಚಿನ ಪುಸ್ತಕ ಯಾವುದೆಂದು ಕೇಳಿದರೆ ಮೆಚ್ಚಬೇಕಾದ ಪುಸ್ತಕದ ಹೆಸರು ಹೇಳಿ ಅಭ್ಯಾಸವಾದ ನಮ್ಮಂಥವರಿಗೆ (ನಾನೂ ಅದಕ್ಕೆ ಹೊರತಲ್ಲ) ಇಂಥ ನಿಸ್ಸಂಕೋಚ ಸುಲಭವಾಗಿ ದಕ್ಕುವುದಿಲ್ಲ.

ಹೋಮರ್ ಈ ಪಟ್ಟಿಯಲ್ಲಿ ಎರಡು ಸಲ ಬರುತ್ತಾನೆ. ರಷ್ಯನ್ ಅನುವಾದದಲ್ಲಿ ಓದಿದಾಗ ‘ದೊಡ್ಡದು’, ಗ್ರೀಕ್‌ನಲ್ಲಿ ಓದಿದಾಗ ‘ಬಹಳ ದೊಡ್ಡದು’. ಆ ಒಂದು ಮೆಟ್ಟಿಲು ಹತ್ತಲು ಆತ ‘ಯುದ್ಧ ಮತ್ತು ಶಾಂತಿ’ ಮುಗಿಸಿದ ಮೇಲೆ, ನಲವತ್ತೆರಡರ ವಯಸ್ಸಿನಲ್ಲಿ, ಗ್ರೀಕ್ ಭಾಷೆಯನ್ನು ಅಕ್ಷರಾಭ್ಯಾಸದಿಂದ ಕಲಿತಿದ್ದ. ಅನುವಾದವು ಕುದಿಸಿ ಆರಿಸಿದ ನೀರು, ಮೂಲವು ಹಲ್ಲು ಜುಮ್ಮೆನ್ನಿಸುವ ಒರತೆಯ ನೀರು ಎಂಬರ್ಥದ ಮಾತನ್ನು ಗೆಳೆಯ, ಕವಿ ಫೆತ್‌ಗೆ ಬರೆದ ಪತ್ರದಲ್ಲಿ ಹೇಳಿದ್ದಾನೆ.

ಶೇಕ್ಸ್‌ಪಿಯರನನ್ನು ಆತ ತಿರಸ್ಕರಿಸಿದ್ದು ಎಲ್ಲರಿಗೂ ಗೊತ್ತು. ಅದನ್ನು ಮುದುಕನ ಹಟವೆಂದು ತಳ್ಳಿಹಾಕುವವರೇ ಹೆಚ್ಚು. 1906ರಲ್ಲಿ ಪ್ರಕಟವಾದ, ಆ ತಿರಸ್ಕಾರಕ್ಕೆ ಕಾರಣ ಕೊಡುವ ಆತನ ಪ್ರಬಂಧದ ವಾದವನ್ನು ನಾನೂ ಒಪ್ಪುವುದಿಲ್ಲ, ಏಕೆಂದರೆ ಅಲ್ಲಿ ಆತ ‘ಕಿಂಗ್ ಲಿಯರ್’ ನಾಟಕಕ್ಕೆ ಮಾಡಿದಂತೆ, ಕಥೆಯನ್ನು ಕಾವ್ಯದಿಂದ ಬೇರ್ಪಡಿಸಿ ಹೇಳಿದರೆ ಯಾವ ನಾಟಕವೂ ಪೆಚ್ಚಾಗಿಯೇ ಕಾಣುತ್ತದೆ. ಆದರೆ ತನ್ನ ತಿರಸ್ಕಾರ ಸರಿಯೋ ತಪ್ಪೋ ಎಂದು ಪರೀಕ್ಷಿಸಿಕೊಳ್ಳಲು ಆತ ಇಂಗ್ಲಿಷ್, ರಷ್ಯನ್, ಜರ್ಮನ್ ಮೂರರಲ್ಲೂ ಆ ನಾಟಕಗಳನ್ನು ಓದಿದ್ದ. ಎಪ್ಪತ್ತೈದನೆಯ ವಯಸ್ಸಿನಲ್ಲಿ ಮತ್ತೊಮ್ಮೆ ಎಲ್ಲವನ್ನೂ ಓದಿದ. ಶೇಕ್ಸ್‌ಪಿಯರನನ್ನು ಮೆಚ್ಚುವವರಲ್ಲಿ ಎಷ್ಟು ಮಂದಿ ಅಷ್ಟು ಓದಿರುತ್ತಾರೆ? ಚೆಕಾವ್‌ನ ನಾಟಕಗಳೂ ಆತನಿಗೆ ಸೇರಲಿಲ್ಲ, ಆದರೆ ಅದೇ ಚೆಕಾವ್‌ನ ‘ಡಾರ್ಲಿಂಗ್’ ಕಥೆಯನ್ನು ಮನೆಗೆ ಬಂದವರಿಗೆಲ್ಲ ಮತ್ತೆ ಮತ್ತೆ ಗಟ್ಟಿಯಾಗಿ ಓದಿ ಹೇಳುತ್ತಿದ್ದ. ಲೇಖಕನ ಮೇಲಿನ ಅಭಿಪ್ರಾಯ ಕೃತಿಯ ಓದಿಗೆ ಅಡ್ಡ ಬರಲಿಲ್ಲ.

1910ರ ಅಕ್ಟೋಬರ್‌ನಲ್ಲಿ, ಎಂಬತ್ತೆರಡರ ಮುದುಕ, ದಾಸ್ತೊಯೆವ್‌ಸ್ಕಿಯ ‘ಕರಮಜೋವ್ ಸಹೋದರರು’ ಓದುತ್ತಿದ್ದ. ಅದರ ಬರವಣಿಗೆ ಅಚ್ಚುಕಟ್ಟಾಗಿಲ್ಲವೆಂದು ದಿನಚರಿಯಲ್ಲಿ ಗೊಣಗಿಕೊಂಡಿದ್ದಾನೆ. ತಿಂಗಳ ಕೊನೆಯಲ್ಲಿ ಒಂದು ರಾತ್ರಿ ಹೆಂಡತಿಗೂ ಹೇಳದೆ ಯಾಸ್ನಾಯಾ ಪೋಲ್ಯಾನಾದ ಮನೆ ತೊರೆದು ಹೊರಟವನು, ದಾರಿಯಿಂದ ಮಗಳು ಸಾಶಾಳಿಗೆ ಬರೆದ ಕಾಗದದಲ್ಲಿ ಕೆಲವು ಪುಸ್ತಕಗಳನ್ನು ತರುವಂತೆ ಕೇಳಿದ. ಅವುಗಳಲ್ಲಿ ಒಂದು, ಆ ಕಾದಂಬರಿಯ ಎರಡನೆಯ ಸಂಪುಟ.