ಬಾಳೆಲೆಯ ಮೇಲಿನ ತಾಳಮದ್ದಳೆ

ಶಿರಸಿ ಕಡೆಯ ಉಪನಯನವೊಂದರ ಊಟದಲ್ಲಿ ನನ್ನ ಪಕ್ಕ ಕುಳಿತಿದ್ದ ಬಂಧುಗಳು, ಅನ್ನದ ಪಾತ್ರೆ ಸಮೀಪಿಸುತ್ತಿದ್ದಂತೆ ಎರಡೂ ಕೈಗಳನ್ನು ಎಲೆಗೆ ಅಡ್ಡ ಹಿಡಿದು, "ಅನ್ನ ಬ್ಯಾಡ ಮಾರಾಯ, ಕಾರ್ಬು" ಎಂದರು. ಕಾರ್ಬೆಂದರೆ ಅನ್ನ, ಹಿಟ್ಟು, ಸಕ್ಕರೆಗಳಲ್ಲಿರುವ ಕಾರ್ಬೋಹೈಡ್ರೇಟ್. ಬಡಿಸುವ ಹುಡುಗ ತಾನೇನೋ ಅಪಚಾರ ಮಾಡಿದವನಂತೆ ಮುಂದೆ ಸರಿದ. ಸ್ವಲ್ಪ ಹೊತ್ತಿಗೆ ಹೋಳಿಗೆ ಬಂತು. ಕೈಗಳು ತಾವಾಗಿ ದಾರಿ ಬಿಟ್ಟವು. ನಾಲ್ಕು ಹೋಳಿಗೆ ಹಾಕಿಸಿಕೊಂಡು, ಅವು ಮುಳುಗುವಷ್ಟು ತುಪ್ಪ ಬಿಡಿಸಿಕೊಂಡು ಅವರು ನನಗೆ ವಿವರಿಸಿದ್ದೇನೆಂದರೆ, ತುಪ್ಪ ತಿಂದರೆ ಮೈಯ ಕೊಬ್ಬು ಕರಗುತ್ತದೆ, ಹೋಳಿಗೆಯು ತುಪ್ಪವನ್ನು ಬಾಯಿಗೆ ತಲುಪಿಸುವ ಒಂದು ಸಾಧನ ಮಾತ್ರ. ಸಾಧನದೊಳಗಿನ ಕಡಲೆಬೇಳೆ, ಬೆಲ್ಲ, ಮೈದಾಗಳ ಬಗ್ಗೆ ಅವರು ನೋಡಿದ ವಿಡಿಯೊದಲ್ಲಿ ಏನೂ ಹೇಳಿರಲಿಲ್ಲವಂತೆ.

ಘಟ್ಟ ಇಳಿದರೆ ಎದುರು ಪಕ್ಷ ಸಿಗುತ್ತದೆ. ಮ್ಯಾರಥಾನ್ ಓಡುವವರು ಸ್ಪರ್ಧೆಗೆ ಒಂದೆರಡು ದಿನ ಮೊದಲೇ ಸ್ನಾಯುಗಳಲ್ಲಿ ಗ್ಲೈಕೋಜನ್ ಎಂಬ ಶಕ್ತಿಯ ದಾಸ್ತಾನು ತುಂಬಿಕೊಳ್ಳಲು ಅನ್ನ, ಬ್ರೆಡ್ಡುಗಳನ್ನು ಹೆಚ್ಚಾಗಿ ತಿನ್ನುತ್ತಾರೆಂಬ ಸಂಗತಿ ಕಾರವಾರದ ಟ್ಯಾಗೋರ್ ಕಡಲತೀರದ ಬೆಳಗಿನ ನಡಿಗೆಯವರಿಗೆ ಹೇಗೋ ತಿಳಿದುಬಿಟ್ಟಿದೆ. ಓಡುವವರು 42 ಕಿಲೋಮೀಟರ್ ಓಡುತ್ತಾರೆಂಬ ಉಳಿದರ್ಧ ತಿಳಿದಂತಿಲ್ಲ. ಆದ್ದರಿಂದ ಎರಡು ಬಾಳೆಹಣ್ಣು ತಿಂದು ನಡಿಗೆಗೆ ಇಳಿಯುವ ಈ ಪಂಗಡದವರು, ಅರ್ಧ ಕಿಲೋಮೀಟರ್ ನಡೆದು ರಾಜಕೀಯ ಮಾತನಾಡಿ, ವ್ಯಯವಾದ ಶಕ್ತಿಯನ್ನು ಮರಳಿ ಪಡೆಯಲು ಹೋಟೆಲಿಗೆ ಹೋಗಿ ಬನ್ಸ್ ತಿನ್ನುತ್ತಾರೆ.

ಇವೆರಡು ಪಂಗಡಗಳು ಒಂದೇ ವಾಟ್ಸ್ಆ್ಯಪ್ ಗುಂಪಿನಲ್ಲಿ ಇರುವುದರಿಂದ ನಮಗೆ ದಿನವೂ ತಾಳಮದ್ದಳೆ, ಅಂದರೆ ವೇಷವಿಲ್ಲದೆ ಕುಳಿತು ಮಾತಿನಲ್ಲೇ ವಾದಿಸುವ ಯಕ್ಷಗಾನ. ವ್ಯತ್ಯಾಸವಿಷ್ಟೆ: ವಾದಿಸುವ ಅರ್ಥಧಾರಿಗಳು ಹಟಕ್ಕೆ ಬಿದ್ದಾಗ ಮುಂದಿನ ಪದ ಎತ್ತಿಕೊಂಡು ಬಾಯಿ ಮುಚ್ಚಿಸಲು ಅಲ್ಲಿ ಹಾಡುವ ಭಾಗವತರಿರುತ್ತಾರೆ, ಇಲ್ಲಿಲ್ಲ. ಪ್ರಸಂಗವೂ ಹೊಸದಲ್ಲ. ಹಿಟ್ಟು, ಸಕ್ಕರೆ, ಆಲೂಗಡ್ಡೆ ಬಿಟ್ಟು ತೂಕ ಇಳಿಸಿದ ಕಥೆಯನ್ನು ವಿಲಿಯಂ ಬ್ಯಾಂಟಿಂಗ್ ಎಂಬ ಲಂಡನ್ನಿನ ಮನುಷ್ಯ 1863ರಲ್ಲೇ ಅಚ್ಚು ಹಾಕಿಸಿ ಹಂಚಿದ್ದ. ಆತನ ಉದ್ಯೋಗ ಶವಪೆಟ್ಟಿಗೆ ಮಾಡಿಸಿ ಅಂತ್ಯಕ್ರಿಯೆಯ ವ್ಯವಸ್ಥೆ ನೋಡಿಕೊಳ್ಳುವುದಾಗಿತ್ತು. ಗಿರಾಕಿಗಳನ್ನು ಕಳೆದುಕೊಳ್ಳುವ ಸಲಹೆಯನ್ನು ತಾನೇ ಕೊಟ್ಟನಲ್ಲ ಎಂಬ ಕಾರಣಕ್ಕೆ ನನಗೆ ಅವನ ಮೇಲೆ ಗೌರವವಿದೆ. ನಮ್ಮ ಬಂಧುಗಳ ಪರಮದೈವವಾದ, ಕಾರ್ಬು ತೀರಾ ಕಡಿಮೆ, ಕೊಬ್ಬು ಹೆಚ್ಚು ಎನ್ನುವ ಕೀಟೋ ಪಥ್ಯವಂತೂ 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ವೈದ್ಯರು ಅಪಸ್ಮಾರಕ್ಕೆಂದು ಸೂಚಿಸಿದ್ದು, ಹೋಳಿಗೆ ಪಂಕ್ತಿಗಲ್ಲ.

ತೀರ್ಪು ಬಂದೂ ವರ್ಷಗಳಾದವು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 609 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕೊಬ್ಬು ಕಡಿಮೆ, ಇನ್ನೊಂದಕ್ಕೆ ಕಾರ್ಬೋಹೈಡ್ರೇಟ್ ಕಡಿಮೆ ಎಂದು 12 ತಿಂಗಳು ಪಥ್ಯ ಹಿಡಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೊದಲ ಗುಂಪು ಸರಾಸರಿ 5.3 ಕಿಲೊ ಇಳಿದಿತ್ತು, ಎರಡನೆಯದು 6 ಕಿಲೊ. ಲೆಕ್ಕಕ್ಕೆ ಹಿಡಿಯುವಂಥ ಅಂತರವಲ್ಲ. ಎರಡೂ ಗುಂಪಿಗೆ ಸಕ್ಕರೆ, ಮೈದಾ ಬಿಡಿ, ತರಕಾರಿ ಹೆಚ್ಚು ತಿನ್ನಿ ಎಂದೇ ಹೇಳಿದ್ದರು. ಇಂಥ ನೀರಸ ಸತ್ಯದಿಂದ ಯಾರ ತೂಕ ಇಳಿಸುವ ಪುಡಿಡಬ್ಬಿಯೂ ಖರ್ಚಾಗುವುದಿಲ್ಲ. ಅನ್ನ ಬಿಟ್ಟು ಒಂದೇ ವಾರದಲ್ಲಿ ಎರಡು ಕಿಲೊ ಇಳಿದೆನೆಂದು ಬೀಗುವವರು, ಒಂದು ಗ್ರಾಂ ಗ್ಲೈಕೋಜನ್ ಮೂರು ಗ್ರಾಂನಷ್ಟು ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ ಎಂಬುದನ್ನೂ ತಿಳಿಯಬೇಕು. ಹೋದದ್ದು ಬಹುಪಾಲು ಆ ನೀರು.

ಅನ್ನದ ವಿರುದ್ಧ ದೂರು ಸುಳ್ಳೆಂದು ನಾನು ಹೇಳುತ್ತಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ ಸಮೀಕ್ಷೆಯ ಪ್ರಕಾರ ನಾವು ಭಾರತೀಯರು ನಮ್ಮ ಶಕ್ತಿಯ ಶೇಕಡಾ 62ರಷ್ಟನ್ನು ಕಾರ್ಬೋಹೈಡ್ರೇಟಿನಿಂದಲೇ ಪಡೆಯುತ್ತೇವೆ, ಅದರಲ್ಲಿ ಪಾಲಿಶ್ ಮಾಡಿದ ಅಕ್ಕಿಯದ್ದೇ ದೊಡ್ಡ ಪಾತ್ರ. ಕುಳಿತು ಬರೆಯುವ ನನ್ನ ಹೊಟ್ಟೆ ಅದಕ್ಕೆ ಸಾಕ್ಷಿ. ಆದರೆ ನಮ್ಮವರು ಇದಕ್ಕೆ ಕಂಡುಕೊಂಡ ಪರಿಹಾರ ಚಪಾತಿ. ಅಕ್ಕಿಯ ಬದಲು ಗೋಧಿಯನ್ನೋ ಸಿರಿಧಾನ್ಯವನ್ನೋ ತಿಂದರೆ ಸಕ್ಕರೆ ಕಾಯಿಲೆಯ ಅಪಾಯ ತಗ್ಗುವುದಿಲ್ಲ, ಅದರ ಒಂದು ಪಾಲಿನ ಬದಲಿಗೆ ಬೇಳೆಕಾಳು, ಹಾಲು, ಮೊಸರು ಬಂದರೆ ತಗ್ಗಬಹುದು ಎಂದು ಅದೇ ಅಧ್ಯಯನ ಹೇಳಿದೆ. ಕಾರ್ಬು ಬಿಟ್ಟೆನೆಂದು ಐದು ಚಪಾತಿ ತಿನ್ನುವವರ ಮುಂದೆ ಇದನ್ನು ಓದಿ ಹೇಳಿದೆ. ಅವರು ಆರನೆಯದನ್ನು ಹಾಕಿಸಿಕೊಂಡರು.

ಗಂಜಿಯ ಮಾತು ಬಂದರೆ ನನಗೆ ನಿಲ್ಲಿಸಲಾಗುವುದಿಲ್ಲ. ಕುಮಟಾದ ಬಳಿ, ಅಘನಾಶಿನಿಯ ಅಳಿವೆಯ ಗಜನಿ ಎಂಬ ತಗ್ಗು ಗದ್ದೆಗಳಲ್ಲಿ, ಮಾಣಿಕಟ್ಟೆಯ ರೈತರು ಕಗ್ಗವೆಂಬ ಭತ್ತ ಬೆಳೆಯುತ್ತಾರೆ. ಉಪ್ಪುನೀರು ನುಗ್ಗಿದರೂ, ನೆರೆಯಲ್ಲಿ ಮುಳುಗಿದರೂ ತಲೆಯೆತ್ತುವ ಬೆಳೆ ಅದು. ಕುಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಸೀಗಡಿ, ಮೀನು. ಅಂಥ ಕೆಂಪಕ್ಕಿಯ ಗಂಜಿಗೆ ಅಪ್ಪೆಮಿಡಿಯ ಉಪ್ಪಿನಕಾಯಿ ನೆಂಜಿಕೊಂಡು ಉಂಡ, ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಅಡಿಕೆ ಮರದ ತುದಿಗೆ ಏರಿ, ಕೆಳಗಿಳಿಯದೆ ಮರದಿಂದ ಮರಕ್ಕೆ ದಾಟುತ್ತಾನೆ. ಅವನಿಗೂ ಕಂಪ್ಯೂಟರಿನ ಮುಂದೆ ಕುಳಿತವನಿಗೂ ಒಂದೇ ಪಥ್ಯದ ಪಟ್ಟಿ ಕಳಿಸುವ ಮಹಾನುಭಾವರಿದ್ದಾರೆ. ಅನ್ನ ಆರಿದಾಗ ಅದರ ಪಿಷ್ಟದ ಒಂದಂಶ ಸುಲಭವಾಗಿ ಜೀರ್ಣವಾಗದ ರೂಪಕ್ಕೆ ತಿರುಗುತ್ತದೆಂದು ಗೊತ್ತಾದ ಬಳಿಕ, ನಮ್ಮ ಅಜ್ಜಿಯ ತಂಗಳನ್ನಕ್ಕೆ "ರೆಸಿಸ್ಟೆಂಟ್ ಸ್ಟಾರ್ಚ್" ಎಂದು ನಾಮಕರಣವಾಗಿ ಅದೂ ರೀಲ್ಸಿಗೆ ಬಂದಿದೆ.

ಇಷ್ಟು ನಕ್ಕ ಮೇಲೆ ಬೇಸರವಾಗುತ್ತದೆ. ನಮ್ಮ ಕೇರಿಯ ಹೆಂಗಸೊಬ್ಬರು ಸಕ್ಕರೆ ಕಾಯಿಲೆಯ ಮಾತ್ರೆ ನುಂಗುತ್ತಲೇ, ವಿಡಿಯೊ ನಂಬಿ, ವೈದ್ಯರನ್ನು ಕೇಳದೆ ಅನ್ನ, ರೊಟ್ಟಿ ಎಲ್ಲ ಬಿಟ್ಟರು. ಮೂರನೆಯ ದಿನ ಬಚ್ಚಲಲ್ಲಿ ಬೆವರಿ ಬಿದ್ದಿದ್ದರು. ಕೆಲವು ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಹೀಗೆ ಮಾಡಿದರೆ ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯಬಹುದೆಂಬ ಒಂದು ಸಾಲು ಆ ವಿಡಿಯೊದಲ್ಲಿ ಇರಲಿಲ್ಲ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ನಮ್ಮ ಉತ್ತರ ಕನ್ನಡ ಜಿಲ್ಲೆಯ ಜನ 2022ರಲ್ಲಿ ಬೀದಿಗಿಳಿದು ಕೂಗಿದರು. ದೊಡ್ಡ ಕಾಯಿಲೆಗೆ ಇವತ್ತಿಗೂ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವೆಯ ದಾರಿ. ಇಂಥ ಊರಿನಲ್ಲಿ ಅಪರಿಚಿತನೊಬ್ಬ ಮೊಬೈಲಿನಿಂದ ಔಷಧಿ ತೆಗೆದುಕೊಳ್ಳುವವರ ಊಟ ಬಿಡಿಸುವುದು ವಿನೋದವಲ್ಲ. ಆಕೆ ಬದುಕಿದ್ದು ಮಗ ಮನೆಯಲ್ಲಿದ್ದುದರಿಂದ.

ಅದನ್ನು ಗುಂಪಿನಲ್ಲಿ ಬರೆದೆ. ಎರಡೂ ಪಂಗಡದವರು ಕೈ ಮುಗಿಯುವ ಚಿತ್ರ ಕಳಿಸಿದರು. ಮರುದಿನ ಬೆಳಿಗ್ಗೆ ಬಂಧುಗಳು ಹೊಸ ವಿಡಿಯೊ ಹಾಕಿದ್ದಾರೆ, ಈ ಸಲ ಉಪ್ಪಿನ ಬಗ್ಗೆಯಂತೆ. ಗೋಕರ್ಣದ ಬಳಿಯ ಸಾಣಿಕಟ್ಟೆಯ ಉಪ್ಪಿನ ಆಗರದವರು ಜಾಗ್ರತೆಯಿಂದಿರಬೇಕು.