ಸಿಆರ್‌-ವಿ ಹಿಂದಿನ ಡಿಫರೆನ್ಷಿಯಲ್ ಕ್ಲಚ್: ಬಿಚ್ಚುವ ಮುಂಚೆ ಆಯಿಲ್ ನೋಡಿ

ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ಸ್ಟೀರಿಂಗ್ ಫುಲ್ ಕಟ್ ಹೊಡೆದು ನಿಧಾನಕ್ಕೆ ಗಾಡಿ ತಿರುಗಿಸುವಾಗ ಹಿಂದಿನ ಸೀಟಿನ ಕೆಳಗಿಂದ 'ಗುರ್ರ್' ಅಂತ ನರಳಾಟ, ಜೊತೆಗೊಂದು ಸಣ್ಣ ನಡುಕ. ಹಳೆಯ ಹೋಂಡಾ ಸಿಆರ್‌-ವಿ ಆಲ್ ವೀಲ್ ಡ್ರೈವ್ ಇರುವವರಿಗೆ ಇದು ಪರಿಚಿತ ಸದ್ದು. ಗ್ಯಾರೇಜಿನಲ್ಲಿ 'ಕ್ಲಚ್ ಅಸೆಂಬ್ಲಿ ಹೋಗಿದೆ ಸಾರ್' ಅಂದರೆ ತಕ್ಷಣ ಹೂಂ ಅನ್ನಬೇಡಿ. ಬಹಳ ಸಲ ಹೋಗಿರುವುದು ಕ್ಲಚ್ ಅಲ್ಲ, ಆಯಿಲ್.

2012ಕ್ಕಿಂತ ಮುಂಚಿನ ಮಾಡೆಲ್‌ಗಳಲ್ಲಿ ಹಿಂದಿನ ಡಿಫರೆನ್ಷಿಯಲ್‌ನೊಳಗೆ (ಹಿಂದಿನ ಎರಡು ಚಕ್ರಗಳಿಗೆ ಬಲ ಹಂಚುವ ಗೇರ್ ಪೆಟ್ಟಿಗೆ) ಎರಡು ಆಯಿಲ್ ಪಂಪ್ ಇವೆ. ಒಂದನ್ನು ಮುಂದಿನಿಂದ ಬಲ ತರುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್ ತಿರುಗಿಸುತ್ತದೆ, ಇನ್ನೊಂದನ್ನು ಹಿಂದಿನ ಚಕ್ರಗಳು. ಎರಡರ ವೇಗವೂ ಒಂದೇ ಇದ್ದರೆ ಆಯಿಲ್ ಸುಮ್ಮನೆ ಸುತ್ತುತ್ತಿರುತ್ತದೆ. ಮುಂದಿನ ಚಕ್ರ ಕೆಸರಲ್ಲಿ ಜಾರಿದರೆ ಒತ್ತಡ ಏರಿ ಕ್ಲಚ್ ಪ್ಲೇಟ್‌ಗಳು ಹಿಡಿದು ಹಿಂದಿನ ಚಕ್ರಗಳಿಗೂ ಬಲ ಕೊಡುತ್ತವೆ. ತೊಡಕು ಏನೆಂದರೆ, ಫುಲ್ ಕಟ್‌ನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ದೊಡ್ಡ ಸುತ್ತು ಹಾಕುತ್ತದೆ. ಪಂಪಿಗೆ ಅದೂ ಜಾರಿದ ಹಾಗೆಯೇ. ಪ್ಲೇಟ್‌ಗಳು ಸ್ವಲ್ಪ ಉಜ್ಜಿಕೊಳ್ಳುತ್ತವೆ. ಹೊಸ ಆಯಿಲ್ ಇದ್ದರೆ ನುಣ್ಣಗೆ ಜಾರುತ್ತವೆ. ಸತ್ವ ಕಳೆದುಕೊಂಡ ಆಯಿಲ್‌ನಲ್ಲಿ ಕಚ್ಚಿ-ಬಿಟ್ಟು, ಕಚ್ಚಿ-ಬಿಟ್ಟು ಸದ್ದು ಮಾಡುತ್ತವೆ, ಒದ್ದೆ ಬೆರಳನ್ನು ಸ್ಟೀಲ್ ತಟ್ಟೆಯ ಮೇಲೆ ಒತ್ತಿ ಎಳೆದ ಹಾಗೆ.

ಇಲ್ಲಿ ದೊಡ್ಡ ಅನಾಹುತ ಮಾಡುವುದು 90 ನಂಬರ್ ಗೇರ್ ಆಯಿಲ್. 'ಡಿಫರೆನ್ಷಿಯಲ್ ತಾನೆ' ಅಂತ ಅದನ್ನೇ ತುಂಬಿಬಿಡುತ್ತಾರೆ. ಈ ಹೌಸಿಂಗ್‌ನಲ್ಲಿ ಕ್ರೌನ್-ಪಿನಿಯನ್‌ಗೂ (ಶಾಫ್ಟ್‌ನ ತಿರುಗನ್ನು ಚಕ್ರಗಳ ಕಡೆ ತಿರುಗಿಸುವ ಗೇರ್ ಜೋಡಿ) ಕ್ಲಚ್‌ಗೂ ಒಂದೇ ಆಯಿಲ್. ಹೋಂಡಾದ ಡ್ಯುಯಲ್ ಪಂಪ್ ಫ್ಲೂಯಿಡ್ 2 ಬಿಟ್ಟು ಬೇರೆ ಏನೂ ಬೇಡ. ಹಿಡಿಯುವುದು ಸುಮಾರು 1 ಲೀಟರ್, ಆದರೆ ಎರಡು ಸಲಕ್ಕೆ ಆಗುವಷ್ಟು ತಂದಿಟ್ಟುಕೊಳ್ಳಿ.

ಗಾಡಿ ಸಮತಟ್ಟಾಗಿ ನಿಂತಿರಲಿ. ಮೊದಲು ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚಿ. ಅದು ಜಾಮ್ ಆಗಿದ್ದು, ಕೆಳಗಿನಿಂದ ಆಯಿಲ್ ಎಲ್ಲ ಇಳಿಸಿಯಾಗಿದ್ದರೆ ಗಾಡಿ ಅಲ್ಲೇ ಠಿಕಾಣಿ! ಎರಡೂ ಪ್ಲಗ್‌ಗಳಿಗೆ 3/8 ಇಂಚಿನ ರ‍್ಯಾಚೆಟ್‌ನ ಚೌಕ ತುದಿಯೇ ಸಾಕು, ಬೇರೆ ಸಾಕೆಟ್ ಬೇಡ. ಹಳೆಯ ಆಯಿಲ್ ಇಳಿಸಿ ಕೆಳಗಿನ ಪ್ಲಗ್ ಮುಚ್ಚಿ. ವಾಷರ್ ಹೊಸದು ಹಾಕಿ. ಹ್ಯಾಂಡ್ ಪಂಪ್‌ನಿಂದ ಫಿಲ್ಲರ್ ತೂತಿನ ಅಂಚಲ್ಲಿ ತೊಟ್ಟಿಕ್ಕುವವರೆಗೆ ತುಂಬಿ, 47 ನ್ಯೂಟನ್ ಮೀಟರ್‌ಗೆ ಟೈಟ್ ಮಾಡಿ. ಆಮೇಲೆ ಖಾಲಿ ಮೈದಾನದಲ್ಲಿ ಎರಡೂ ಕಡೆ ಫುಲ್ ಕಟ್‌ನಲ್ಲಿ ನಿಧಾನಕ್ಕೆ ಸುತ್ತು ಹಾಕಿ. ಸದ್ದು ಪೂರ್ತಿ ಹೋಗದಿದ್ದರೆ ಇನ್ನೊಮ್ಮೆ ಬದಲಿಸಿ. ಪ್ಲೇಟ್‌ಗಳ ಸಂದಿನಲ್ಲಿ ಹಳೆಯದು ಉಳಿದಿರುತ್ತದೆ.

ಎರಡನೇ ಸಲಕ್ಕೂ ಬಗ್ಗದಿದ್ದರೆ, ಇಳಿಸಿದ ಆಯಿಲ್ ಸುಟ್ಟ ವಾಸನೆ ಬಂದು ಬೆರಳಲ್ಲಿ ತಿಕ್ಕಿದಾಗ ತರಿತರಿ ಸಿಕ್ಕರೆ, ಆಗ ಕ್ಲಚ್ ಬಿಚ್ಚಿ. ಆಯಿಲ್ ಒಂದೇ ಆದರೂ ಕ್ಲಚ್ ಇರುವುದು ಪಿನಿಯನ್‌ಗಿಂತ ಮುಂದೆ, ಬೇರೆ ಕೇಸ್‌ನಲ್ಲಿ. ಹಾಗಾಗಿ ಕ್ರೌನ್-ಪಿನಿಯನ್ ಸೆಟ್ಟಿಂಗ್ ಮುಟ್ಟುವ ಕೆಲಸವೇ ಇಲ್ಲ. ಅದನ್ನೂ ಸೇರಿಸಿ ಬಿಲ್ ಹಾಕಿದರೆ ಯಾಕೆಂದು ಕೇಳಿ. ಪ್ರೊಪೆಲ್ಲರ್ ಶಾಫ್ಟ್ ಬಿಚ್ಚುವಾಗ ಫ್ಲ್ಯಾಂಜ್ (ಶಾಫ್ಟ್ ಬೋಲ್ಟ್ ಆಗುವ ಚಪ್ಪಟೆ ತಟ್ಟೆ) ಮೇಲೆ ಗುರುತು ಹಾಕಿ, ಇಲ್ಲದಿದ್ದರೆ ಜೋಡಿಸಿದ ಮೇಲೆ ವೈಬ್ರೇಷನ್ ಬರಬಹುದು. ಫ್ಲ್ಯಾಂಜ್‌ನ ಲಾಕ್ ನಟ್, ಆಯಿಲ್ ಸೀಲ್, ಓ-ರಿಂಗ್ ಮೂರೂ ಹೊಸದೇ ಆಗಬೇಕು. ಹೊಸ ಪ್ಲೇಟ್‌ಗಳನ್ನು ಅದೇ ಫ್ಲೂಯಿಡ್‌ನಲ್ಲಿ ನೆನೆಸಿ ಹಾಕಿ. ಒಣಗಿದ್ದನ್ನು ಕೂರಿಸಿದರೆ ಬೇಗ ಸುಡಬಹುದು. ಕೇಸ್ ಅಂಚಿನಿಂದ ಹಳೆಯ ಗ್ಯಾಸ್ಕೆಟ್ ಪೇಸ್ಟ್ ಕೆರೆಯುವಾಗ ಚೂರು ಒಳಗೆ ಬೀಳದಿರಲಿ, ಅದು ನೇರ ಆಯಿಲ್ ಸೋಸುವ ಸ್ಟ್ರೈನರ್‌ಗೆ ಹೋಗಿ ಕೂರುತ್ತದೆ. ಪೇಸ್ಟ್ ಹಚ್ಚಿದ ಕೂಡಲೇ ಕೇಸ್ ಮುಚ್ಚಿ, ಕನಿಷ್ಠ ಅರ್ಧ ಗಂಟೆ ಬಿಟ್ಟು ಆಯಿಲ್ ತುಂಬಿ.

ಇಷ್ಟೆಲ್ಲ ಮಾಡಿ ಮುಂದೆ ಎರಡು ಸವೆದ ಟೈರ್, ಹಿಂದೆ ಎರಡು ಹೊಸ ಟೈರ್ ಹಾಕಿದರೆ ನೇರ ರಸ್ತೆಯಲ್ಲೂ ಪಂಪ್‌ಗಳ ವೇಗ ಒಂದಾಗುವುದಿಲ್ಲ. ಗಾಡಿ ಕೆಟ್ಟು ನಿಂತಾಗಲೂ ಅಷ್ಟೇ: ಎರಡು ಚಕ್ರ ಎತ್ತಿ ಎರಡು ನೆಲದ ಮೇಲೆ ಉರುಳಿಸಿಕೊಂಡು ಹೋಗುವ ಟೋಯಿಂಗ್ ಬೇಡ, ಫ್ಲಾಟ್‌ಬೆಡ್ಡೇ ಕರೆಸಿ.